ಗರ್ಭಕೋಶ ತೆಗೆದದ್ದು ಅಗತ್ಯವಿತ್ತೇ? ಕೇಳುವ ಹಕ್ಕು ನಿಮಗಿದೆ

“ಡಾಕ್ಟ್ರೇ, ಅವತ್ತು ತೆಗೆಸದೇ ಇದ್ದಿದ್ದರೆ ಕ್ಯಾನ್ಸರ್ ಆಗುತ್ತಿತ್ತಂತೆ, ನಿಜವಾ?”

ಮೂವತ್ಮೂರು ವರ್ಷದ ಆ ತಾಯಿ ನನ್ನ ಬಳಿಗೆ ಬಂದದ್ದು ಬೇರೆಯದೇ ತೊಂದರೆಗೆ. ಮೈಯೆಲ್ಲ ಇದ್ದಕ್ಕಿದ್ದಂತೆ ಬಿಸಿಯಾಗುವುದು, ರಾತ್ರಿ ಬೆವರು, ನಿದ್ದೆ ಬಾರದಿರುವುದು, ಸೊಂಟನೋವು. ವಿಚಾರಿಸಿದಾಗ ಹಿಂದಿನ ಕಥೆ ಹೊರಬಿತ್ತು. ಒಂದೂವರೆ ವರ್ಷದ ಹಿಂದೆ ಬಿಳಿಸೆರಗಿಗೆಂದು ಒಂದು ಖಾಸಗಿ ಆಸ್ಪತ್ರೆಗೆ ಹೋಗಿದ್ದರು. ಸ್ಕ್ಯಾನಿಂಗ್ ಆಯಿತು. “ಗರ್ಭಕೋಶದ ಬಾಯಲ್ಲಿ ಹುಣ್ಣಿದೆ, ಬಿಟ್ಟರೆ ಕ್ಯಾನ್ಸರ್” ಎಂದರಂತೆ. ಮೂರನೆಯ ದಿನ ಗರ್ಭಕೋಶದ ಜೊತೆಗೆ ಎರಡೂ ಅಂಡಾಶಯಗಳನ್ನು ತೆಗೆಯಲಾಯಿತು. ಆಕೆಯ ಕೈಯಲ್ಲಿದ್ದದ್ದು ಒಂದು ಡಿಸ್ಚಾರ್ಜ್ ಚೀಟಿ ಮತ್ತು ಕೆಲವು ಬಿಲ್ಲುಗಳು ಮಾತ್ರ. ಬಯಾಪ್ಸಿ ವರದಿ ಇರಲಿಲ್ಲ.

ಇಂಥ ಪ್ರಶ್ನೆ ಹೊತ್ತ ಹೆಣ್ಣುಮಕ್ಕಳು ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಇರಬಹುದು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದಲ್ಲಿ 15ರಿಂದ 49 ವರ್ಷದೊಳಗಿನ ಹೆಂಗಸರಲ್ಲಿ ನೂರಕ್ಕೆ ಸುಮಾರು ಮೂವರಿಗೆ ಗರ್ಭಕೋಶ ತೆಗೆಯಲಾಗಿದೆ. ಇವೆಲ್ಲವೂ ಅನಗತ್ಯವೆಂದಲ್ಲ. ಆದರೆ ಕೆಲವು ಖಂಡಿತ ಅನಗತ್ಯ. ನಮ್ಮ ಕಲಬುರಗಿ ಜಿಲ್ಲೆಯ ತಾಂಡಾಗಳ ಹೆಂಗಸರಿಗೆ ನಡೆದ ಇಂಥ ಶಸ್ತ್ರಚಿಕಿತ್ಸೆಗಳು 2015ರಲ್ಲಿ ತನಿಖೆಯ ವಿಷಯವಾದದ್ದು ಹಲವರಿಗೆ ನೆನಪಿರಬಹುದು.

ಯಾವಾಗ ಬೇಕು, ಯಾವಾಗ ಬೇಡ?

ಕ್ಯಾನ್ಸರ್ ಇದ್ದಾಗ, ಔಷಧಿಗೆ ಬಗ್ಗದ ರಕ್ತಸ್ರಾವವಿದ್ದಾಗ, ತೊಂದರೆ ಕೊಡುವ ದೊಡ್ಡ ಗಡ್ಡೆಗಳಿದ್ದಾಗ, ಗರ್ಭಕೋಶ ತೀರ ಕೆಳಗೆ ಜಾರಿದ್ದಾಗ, ಹೆರಿಗೆಯ ನಂತರ ರಕ್ತ ನಿಲ್ಲದೆ ಜೀವಕ್ಕೆ ಅಪಾಯವಿದ್ದಾಗ ಗರ್ಭಕೋಶ ತೆಗೆಯುವುದು ಸರಿಯಾದ ಚಿಕಿತ್ಸೆಯೇ. ಆದರೆ ಬಿಳಿಸೆರಗಿಗೆ ಬೇಕಾದದ್ದು ಸಾಮಾನ್ಯವಾಗಿ ಔಷಧಿ. ಗರ್ಭಕೋಶದ ಕಂಠದ ಮೇಲೆ ಕೆಂಪಗೆ ಕಾಣುವುದನ್ನೆಲ್ಲ ‘ಹುಣ್ಣು’ ಎನ್ನುವುದುಂಟು. ಬಹಳ ಸಲ ಅದು ಕಾಯಿಲೆಯೇ ಅಲ್ಲ. ಸಂಶಯವಿದ್ದರೆ ಪ್ಯಾಪ್ ಪರೀಕ್ಷೆ, ಬೇಕಾದರೆ ಸಣ್ಣ ತುಣುಕಿನ ಬಯಾಪ್ಸಿ ಮೊದಲು ಆಗಬೇಕು. ತೊಂದರೆ ಕೊಡದ ಸಣ್ಣ ಗಡ್ಡೆಯನ್ನು ಕಾದು ನೋಡಿದರೆ ಸಾಕಾಗುತ್ತದೆ.

ಚಿಕ್ಕ ವಯಸ್ಸಿನಲ್ಲಿ ಎರಡೂ ಅಂಡಾಶಯ ತೆಗೆದರೆ ಮುಟ್ಟು ನಿಲ್ಲುವ ಕಾಲದ ತೊಂದರೆಗಳೆಲ್ಲ ಒಮ್ಮೆಗೇ ಬರುತ್ತವೆ. ಮೂಳೆ ಸವೆಯುತ್ತದೆ, ಹೃದಯದ ಕಾಯಿಲೆಯ ಸಂಭವವೂ ಹೆಚ್ಚುತ್ತದೆ. ಆ ತಾಯಿಯ ಬೆವರಿನ ಕಾರಣ ಅದೇ ಆಗಿತ್ತು. ಈಗ ಆಕೆಗೆ ಮೊದಲು ಬೇಕಾದದ್ದು ಅದರ ಚಿಕಿತ್ಸೆ. ಅದನ್ನು ಆರಂಭಿಸಿದ ಮೇಲೆಯೇ ನಾವು ಕಾನೂನಿನ ಮಾತನಾಡಿದೆವು. ನಿಮ್ಮ ವಿಷಯದಲ್ಲೂ ಕ್ರಮ ಹೀಗೆಯೇ ಇರಲಿ.

ಮೊದಲು ಕಾಗದಪತ್ರ

ಸಿಟ್ಟಿನಲ್ಲಿ ಆಸ್ಪತ್ರೆಗೆ ಹೋಗಿ ಕೂಗಾಡಿದರೆ ಪ್ರಯೋಜನವಿಲ್ಲ. ಒಂದು ಬಿಳಿ ಹಾಳೆಯಲ್ಲಿ ಅರ್ಜಿ ಬರೆದು ಪೂರ್ತಿ ಕೇಸ್ ಶೀಟಿನ ಪ್ರತಿ ಕೇಳಿ. ದಾಖಲಾದ ದಿನದ ತಪಾಸಣೆ, ಸ್ಕ್ಯಾನಿಂಗ್ ಮತ್ತು ರಕ್ತಪರೀಕ್ಷೆಯ ವರದಿ, ನೀವು ಸಹಿ ಹಾಕಿದ ಒಪ್ಪಿಗೆ ಪತ್ರ, ಶಸ್ತ್ರಚಿಕಿತ್ಸೆಯ ಟಿಪ್ಪಣಿ, ಅರಿವಳಿಕೆಯ ಟಿಪ್ಪಣಿ, ಬಯಾಪ್ಸಿ ವರದಿ, ಬಿಲ್ಲು ಎಲ್ಲವೂ ಅದರಲ್ಲಿರಲಿ. 2002ರ ವೈದ್ಯಕೀಯ ನಡತೆಯ ನಿಯಮಗಳ ಪ್ರಕಾರ ಒಳರೋಗಿಯ ದಾಖಲೆಗಳನ್ನು ಚಿಕಿತ್ಸೆ ಆರಂಭವಾದ ದಿನದಿಂದ ಮೂರು ವರ್ಷ ಕಾಪಾಡಬೇಕು. ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಅರ್ಜಿಯ ಇನ್ನೊಂದು ಪ್ರತಿಯ ಮೇಲೆ ಆಸ್ಪತ್ರೆಯ ಮೊಹರು ಹಾಕಿಸಿಕೊಳ್ಳಿ. ನಿರಾಕರಿಸಿದರೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ರಸೀದಿ ಇಟ್ಟುಕೊಳ್ಳಿ.

ಈ ಕಾಗದಗಳಲ್ಲಿ ಬಯಾಪ್ಸಿ ವರದಿ ಬಹಳ ಮುಖ್ಯ. ದೇಹದಿಂದ ತೆಗೆದ ಗರ್ಭಕೋಶವನ್ನು ಪ್ರಯೋಗಾಲಯಕ್ಕೆ ಕಳುಹಿಸಿ ಪರೀಕ್ಷಿಸುವುದು ಒಳ್ಳೆಯ ಪದ್ಧತಿ. ಕ್ಯಾನ್ಸರಿನ ಭಯ ಹೇಳಿ ತೆಗೆದವರು ಪರೀಕ್ಷೆಗೇ ಕಳುಹಿಸದಿದ್ದರೆ, ಏಕೆಂದು ಕೇಳಲೇಬೇಕು. ಆದರೆ ವರದಿಯಲ್ಲಿ ‘ಎಲ್ಲ ಸರಿಯಿದೆ’ ಎಂದಿರುವ ಮಾತ್ರಕ್ಕೆ ಶಸ್ತ್ರಚಿಕಿತ್ಸೆ ಅನಗತ್ಯವಾಗಿತ್ತು ಎಂದಾಗುವುದಿಲ್ಲ. ಜಾರಿದ ಗರ್ಭಕೋಶವೂ ಸೂಕ್ಷ್ಮದರ್ಶಕದಲ್ಲಿ ಸರಿಯಾಗಿಯೇ ಕಾಣುತ್ತದೆ. ಆದ್ದರಿಂದ ಈ ಕಡತವನ್ನು ಆ ಆಸ್ಪತ್ರೆಗೆ ಸಂಬಂಧಪಡದ ಒಬ್ಬ ಸ್ತ್ರೀರೋಗ ತಜ್ಞರಿಗೆ, ಸಾಧ್ಯವಾದರೆ ಸರ್ಕಾರಿ ವೈದ್ಯಕೀಯ ಕಾಲೇಜಿನವರಿಗೆ ತೋರಿಸಿ, ಅವರ ಅಭಿಪ್ರಾಯವನ್ನು ಬರಹದಲ್ಲಿ ಪಡೆಯಿರಿ.

“ನಾವೇ ಸಹಿ ಹಾಕಿದ್ದೇವಲ್ಲ?”

ಹೆಚ್ಚಿನವರು ಇಲ್ಲಿಯೇ ಕೈಚೆಲ್ಲುತ್ತಾರೆ. ಸಹಿ ಇದ್ದರೆ ಎಲ್ಲವೂ ಮುಗಿಯಿತೆಂದಲ್ಲ. ದೆಹಲಿಯಲ್ಲಿ 1995ರಲ್ಲಿ ನಡೆದ ಪ್ರಕರಣವೊಂದನ್ನು ನೋಡಿ. 44 ವರ್ಷದ ಒಬ್ಬ ಮಹಿಳೆ ರಕ್ತಸ್ರಾವದ ಕಾರಣ ತಿಳಿಯಲು ಲ್ಯಾಪರೋಸ್ಕೋಪಿ ಪರೀಕ್ಷೆಗೆ ಒಪ್ಪಿದ್ದರು. ಆಕೆ ಅರಿವಳಿಕೆಯಲ್ಲಿದ್ದಾಗ ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯಗಳನ್ನು ತೆಗೆಯಲಾಯಿತು. ಸುಪ್ರೀಂ ಕೋರ್ಟ್ 2008ರಲ್ಲಿ ತೀರ್ಪು ಕೊಟ್ಟಿತು: ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಕೊಟ್ಟ ಒಪ್ಪಿಗೆಯಲ್ಲ, ರೋಗಿ ಸ್ವತಃ ನಿರ್ಧರಿಸಬಲ್ಲವಳಾಗಿರುವಾಗ, ಜೀವಕ್ಕೆ ಅಪಾಯವಿಲ್ಲದಿರುವಾಗ, ತಾಯಿಯ ಒಪ್ಪಿಗೆ ಸಾಲದು. ಕಾಯಿಲೆ ಏನು, ಚಿಕಿತ್ಸೆ ಏನು, ಬೇರೆ ದಾರಿ ಯಾವುದು, ಅಪಾಯವೇನು, ಚಿಕಿತ್ಸೆ ಮಾಡಿಸದಿದ್ದರೆ ಏನಾಗುತ್ತದೆ ಎಂಬುದನ್ನು ರೋಗಿಗೆ ತಿಳಿಸಬೇಕೆಂದೂ ಹೇಳಿತು. ಆದರೆ ಆಕೆಗೆ ಸಿಕ್ಕ ಪರಿಹಾರ 25,000 ರೂಪಾಯಿ. ವೈದ್ಯರು ಶುಲ್ಕವನ್ನೂ ಬಿಡಬೇಕಾಯಿತು. ಹದಿಮೂರು ವರ್ಷದ ಹೋರಾಟಕ್ಕೆ ಸಿಕ್ಕ ಹಣ ಇಷ್ಟೇ ಎಂಬುದನ್ನೂ ನೀವು ತಿಳಿದಿರಬೇಕು.

ಮೂರು ಬಾಗಿಲು

ಪರಿಹಾರ ಬೇಕಾದವರಿಗೆ ಜಿಲ್ಲಾ ಗ್ರಾಹಕರ ಆಯೋಗವಿದೆ. ಹಣ ಪಡೆದು ನೀಡುವ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿಗೆ ಒಳಪಡುತ್ತದೆಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ವಿಮೆಯವರು ಹಣ ಕಟ್ಟಿದ್ದರೂ ಇದು ಅನ್ವಯ. ಎಲ್ಲರಿಗೂ ಸಂಪೂರ್ಣ ಉಚಿತ ಸೇವೆ ನೀಡುವ ಆಸ್ಪತ್ರೆಗಳಿಗೆ ಅನ್ವಯವಿಲ್ಲ. 2019ರ ಕಾಯ್ದೆಯಂತೆ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ವಕೀಲರಿಲ್ಲದೆ ನೀವೇ ವಾದಿಸಬಹುದು. ಆಸ್ಪತ್ರೆಗೆ ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಆದರೆ ಗಡುವು ಎರಡೇ ವರ್ಷ. ತಡಕ್ಕೆ ಸರಿಯಾದ ಕಾರಣವಿದ್ದರೆ ಆಯೋಗ ಮನ್ನಿಸಬಹುದು. ಅದನ್ನೇ ನಂಬಿ ಕೂರಬೇಡಿ.

ವೈದ್ಯರ ನಡತೆಯ ಬಗ್ಗೆ ದೂರಿದ್ದರೆ ಕರ್ನಾಟಕ ವೈದ್ಯಕೀಯ ಪರಿಷತ್ತು. ತಪ್ಪು ಸಾಬೀತಾದರೆ ಎಚ್ಚರಿಕೆ ಕೊಡುವ, ವೈದ್ಯರ ಹೆಸರನ್ನು ನೋಂದಣಿಯಿಂದ ತೆಗೆಯುವ ಅಧಿಕಾರ ಅದಕ್ಕಿದೆ. ಪರಿಹಾರದ ಹಣ ಕೊಡಿಸುವ ಅಧಿಕಾರವಿಲ್ಲ.

ಖಾಸಗಿ ಆಸ್ಪತ್ರೆಯ ಮೇಲಿನ ದೂರಿಗೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಪ್ರತಿ ಜಿಲ್ಲೆಯಲ್ಲಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರವಿದೆ. ದೂರನ್ನು ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಯಲ್ಲಿ ಕೊಡಿ. ಗರ್ಭಕೋಶದ ಅನಗತ್ಯ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ ಸರ್ಕಾರ 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಎಲ್ಲ ರಾಜ್ಯಗಳಿಗೂ ಆದೇಶಿಸಿದೆ. ನಿಮ್ಮ ದೂರಿನಲ್ಲಿ ಈ ಆದೇಶವನ್ನು ಹೆಸರಿಸಿ.

ಪೊಲೀಸ್ ದೂರು ಎಲ್ಲದಕ್ಕೂ ಮದ್ದಲ್ಲ. ವೈದ್ಯರ ಮೇಲೆ ಕ್ರಿಮಿನಲ್ ಮೊಕದ್ದಮೆ ನಡೆಯಬೇಕಾದರೆ ನಿರ್ಲಕ್ಷ್ಯ ಅತಿ ಗಂಭೀರವಾಗಿರಬೇಕು, ತನಿಖಾಧಿಕಾರಿ ಬೇರೆ ವೈದ್ಯರ ಅಭಿಪ್ರಾಯ ಪಡೆಯಬೇಕು ಎಂದು 2005ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸುಳ್ಳು ವರದಿ, ನಕಲಿ ಸಹಿಯಂಥ ವಂಚನೆ ನಡೆದಿದ್ದರೆ ಮಾತು ಬೇರೆ.

ವಕೀಲರ ಖರ್ಚಿಗೆ ಹೆದರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಂತೆ, ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲೇ ಕಾನೂನು ಸೇವಾ ಸಮಿತಿಯ ಬಗ್ಗೆ ವಿಚಾರಿಸಿ, ಅಥವಾ 15100ಕ್ಕೆ ಕರೆ ಮಾಡಿ.

ವೈದ್ಯನಾಗಿ ಒಂದು ಮಾತು

ಫಲ ಚೆನ್ನಾಗಿ ಬರದ ಚಿಕಿತ್ಸೆಯೆಲ್ಲ ಮೋಸವಲ್ಲ. ಒಂದೇ ಕಾಯಿಲೆಗೆ ಇಬ್ಬರು ಪ್ರಾಮಾಣಿಕ ವೈದ್ಯರು ಎರಡು ದಾರಿ ಹೇಳಬಹುದು. ಅದನ್ನು ನ್ಯಾಯಾಲಯವೂ ನಿರ್ಲಕ್ಷ್ಯ ಎನ್ನುವುದಿಲ್ಲ. ಆದರೆ ಬಿಳಿಸೆರಗಿಗೆ ಬಂದ ಹೆಣ್ಣುಮಗಳನ್ನು ಕ್ಯಾನ್ಸರಿನ ಹೆಸರಿನಲ್ಲಿ ಹೆದರಿಸಿ ಮೂರನೆಯ ದಿನ ಮೇಜಿನ ಮೇಲೆ ಮಲಗಿಸುವುದು ಅಭಿಪ್ರಾಯಭೇದವಲ್ಲ. ಅದನ್ನು ಪ್ರಶ್ನಿಸಿದರೆ ನನ್ನ ವೃತ್ತಿಗೆ ಅವಮಾನವೇನೂ ಆಗುವುದಿಲ್ಲ.

ತುರ್ತಿಲ್ಲದ ಯಾವ ಶಸ್ತ್ರಚಿಕಿತ್ಸೆಗೂ ಮುನ್ನ ಎರಡನೆಯ ವೈದ್ಯರ ಅಭಿಪ್ರಾಯ ಕೇಳಿ. ಒಪ್ಪಿಗೆ ಪತ್ರವನ್ನು ನಿಮಗೆ ತಿಳಿಯುವ ಭಾಷೆಯಲ್ಲಿ ಓದಿಸಿಕೊಳ್ಳಿ. ಖಾಲಿ ನಮೂನೆಗೆ ಸಹಿ ಹಾಕಬೇಡಿ.

ಆ ತಾಯಿಯ ಪ್ರಶ್ನೆಗೆ ನಾನು ಹೇಳಿದ್ದು ಇಷ್ಟು: “ಕ್ಯಾನ್ಸರ್ ಆಗುತ್ತಿತ್ತು ಅನ್ನುವುದಕ್ಕೆ ಈ ಚೀಟಿಯಲ್ಲಿ ಯಾವ ಆಧಾರವೂ ಇಲ್ಲಮ್ಮಾ. ಪೂರ್ತಿ ಕಡತ ತರಿಸಿ ನೋಡೋಣ.” ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ನನ್ನ ಮೇಜಿನ ಮೇಲಿದ್ದ ಹಾಳೆ ಕೇಳಿ, ಅಲ್ಲೇ ಕುಳಿತು ಅರ್ಜಿ ಬರೆದರು. ಎರಡು ವರ್ಷದ ಗಡುವಿಗೆ ಇನ್ನೂ ಆರು ತಿಂಗಳಿತ್ತು. ನಿಮಗೆ ಅಥವಾ ನಿಮ್ಮವರಿಗೆ ಇಂಥದೇ ಸಂಶಯವಿದ್ದರೆ, ಶಸ್ತ್ರಚಿಕಿತ್ಸೆಯಾದ ತಾರೀಖನ್ನು ಇಂದೇ ನೋಡಿಕೊಳ್ಳಿ.