ಹಾಕರ್ ಸೆಂಟರಿನ ಊಟ: ಸಿಂಗಪುರಕ್ಕೆ ಹೊರಡುವವರಿಗೆ ಕೈಪಿಡಿ

ಸಿಂಗಪುರದ ಜನ ದಿನನಿತ್ಯ ಉಣ್ಣುವ ಊಟದ ರುಚಿ ನೋಡಬೇಕಾದರೆ ಹಾಕರ್ ಸೆಂಟರಿಗೇ ಹೋಗಬೇಕು. ಒಂದೇ ಚಾವಣಿಯ ಕೆಳಗೆ ಹತ್ತಾರು, ಕೆಲವೆಡೆ ನೂರಾರು ಪುಟ್ಟ ಅಂಗಡಿಗಳು. ನಡುವೆ ಎಲ್ಲರಿಗೂ ಸೇರಿದ ಮೇಜು, ಕುರ್ಚಿಗಳು. ಬಹುಪಾಲು ಅಂಗಡಿಗಳು ಒಂದೆರಡು ತಿನಿಸುಗಳನ್ನೇ ವರ್ಷಾನುಗಟ್ಟಲೆ ಮಾಡುತ್ತ ಅದರಲ್ಲೇ ಹೆಸರು ಗಳಿಸಿದವು. ಚೀನೀಯರು, ಮಲಯರು, ತಮಿಳರು ಪಕ್ಕಪಕ್ಕದಲ್ಲೇ ಒಲೆ ಹೂಡಿರುತ್ತಾರೆ.

ಈ ವ್ಯವಸ್ಥೆಯ ಬೇರು ಬೀದಿಯಲ್ಲಿದೆ. ವಲಸೆ ಬಂದ ಬಡವರು ಅಡ್ಡೆ ಹೊತ್ತು, ಗಾಡಿ ತಳ್ಳಿ ತಮ್ಮೂರಿನ ಅಡುಗೆ ಮಾರುತ್ತಿದ್ದರು. 1968-69ರಲ್ಲಿ ಸರ್ಕಾರ ಹಾಕರ್ ಎನ್ನುವ ಈ ಬೀದಿ ವ್ಯಾಪಾರಿಗಳನ್ನು ನೋಂದಾಯಿಸಿತು. 1970ರ ದಶಕದಿಂದ ನಲ್ಲಿನೀರು, ಚರಂಡಿ, ವಿದ್ಯುತ್ ಇರುವ ಕಟ್ಟಡಗಳನ್ನು ಕಟ್ಟಿ ಅವರನ್ನು ಅಲ್ಲಿಗೆ ಸ್ಥಳಾಂತರಿಸಿತು. ಈಗ ಇಂಥ 110ಕ್ಕೂ ಹೆಚ್ಚು ಕೇಂದ್ರಗಳಿವೆ. 2016ರಲ್ಲಿ ಎರಡು ಹಾಕರ್ ಅಂಗಡಿಗಳಿಗೆ ಮಿಷೆಲಿನ್ ತಾರೆ ದೊರೆಯಿತು. 2020ರ ಡಿಸೆಂಬರಿನಲ್ಲಿ ಹಾಕರ್ ಸಂಸ್ಕೃತಿ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು. ಇಲ್ಲಿ ಚೆನ್ನಾಗಿ ಉಣ್ಣಲು ಹೆಚ್ಚು ದುಡ್ಡು ಬೇಕಿಲ್ಲ. ಯಾವ ತಿನಿಸು ಎಲ್ಲಿ, ಯಾವ ಹೊತ್ತಿಗೆ, ಹೇಗೆ ಕೇಳಿದರೆ ಸಿಗುತ್ತದೆ ಎಂಬುದು ಗೊತ್ತಿರಬೇಕು.

ಹೊರಡುವ ಮುನ್ನ

ಭಾರತದ ಸಾಮಾನ್ಯ ಪಾಸ್‌ಪೋರ್ಟ್ ಇರುವವರು ಪ್ರವಾಸಕ್ಕೆ ಮೊದಲೇ ವೀಸಾ ಪಡೆಯಬೇಕು. ಪಾಸ್‌ಪೋರ್ಟಿನ ಅವಧಿ ಕನಿಷ್ಠ 6 ತಿಂಗಳು ಉಳಿದಿರಬೇಕು. ಇದಲ್ಲದೆ, ತಲುಪುವ ದಿನವೂ ಸೇರಿದಂತೆ ಹಿಂದಿನ ಮೂರು ದಿನಗಳೊಳಗೆ ಆನ್‌ಲೈನಿನಲ್ಲಿ ಆಗಮನ ಕಾರ್ಡ್ ತುಂಬಬೇಕು. ಸರ್ಕಾರದ ಜಾಲತಾಣದಲ್ಲಿ ಅದು ಉಚಿತ. ಅದಕ್ಕೆ ಹಣ ಕೇಳುವ ಜಾಲತಾಣಗಳಿಂದ ದೂರವಿರುವುದು ಒಳ್ಳೆಯದು. ಚೂಯಿಂಗ್ ಗಮ್ ಮತ್ತು ಇ-ಸಿಗರೇಟನ್ನು ದೇಶದೊಳಗೆ ಒಯ್ಯುವಂತಿಲ್ಲ.

ಬೆಂಗಳೂರಿನಿಂದ ನೇರ ವಿಮಾನದಲ್ಲಿ ಸುಮಾರು ನಾಲ್ಕೂವರೆ ಗಂಟೆಯ ದಾರಿ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದು. ಸಮಭಾಜಕ ವೃತ್ತಕ್ಕೆ ಹತ್ತಿರವಾದ್ದರಿಂದ ವರ್ಷವಿಡೀ ಸೆಕೆ. ನವೆಂಬರಿನಿಂದ ಜನವರಿಯವರೆಗೆ ಮಳೆ ಹೆಚ್ಚು. ಊಟಕ್ಕಾಗಿಯೇ ಹೋಗುವವರು ಮಳೆಗಿಂತ ಹಬ್ಬಗಳ ಲೆಕ್ಕ ಹಾಕಬೇಕು. ಜನವರಿ ಅಥವಾ ಫೆಬ್ರವರಿಯಲ್ಲಿ ಬರುವ ಚೀನೀ ಹೊಸ ವರ್ಷದಲ್ಲಿ ಬಹಳಷ್ಟು ಅಂಗಡಿಗಳು ಹಲವು ದಿನ ಬಾಗಿಲು ತೆರೆಯುವುದಿಲ್ಲ. ರಂಜಾನ್ ತಿಂಗಳಲ್ಲಿ ಗೇಲಾಂಗ್ ಸೆರಾಯ್ ಬಡಾವಣೆಯಲ್ಲಿ ದೊಡ್ಡ ತಿಂಡಿ ಬಜಾರೇ ಸೇರುತ್ತದೆ.

ದಿನದ ಹೊತ್ತು

ಹಾಕರ್ ಅಂಗಡಿಗಳಿಗೆ ತಮ್ಮದೇ ವೇಳೆಯಿದೆ. ಬೆಳಗಿನ ತಿಂಡಿಯ ಅಂಗಡಿಗಳು ನಸುಕಿನಲ್ಲೇ ತೆರೆದು ಮಧ್ಯಾಹ್ನದೊಳಗೆ ಮುಚ್ಚುತ್ತವೆ. ಹೆಸರಾದ ಕಡೆ ಮಾಡಿದ್ದೆಲ್ಲ ಮುಗಿದ ಕೂಡಲೇ ಅಂದಿನ ವ್ಯಾಪಾರ ಮುಗಿದಂತೆ. ಕೆಲವು ಸಂಜೆಗೇ ಒಲೆ ಹಚ್ಚುತ್ತವೆ. ವಾರದಲ್ಲಿ ಒಂದೆರಡು ದಿನ ರಜೆ ಮಾಡುವುದು ಸಾಮಾನ್ಯ. ಇಡೀ ಕೇಂದ್ರವನ್ನೇ ಸ್ವಚ್ಛತೆಗಾಗಿ ಆಗಾಗ ಮುಚ್ಚುವುದೂ ಉಂಟು. ಆ ದಿನಾಂಕಗಳನ್ನು ರಾಷ್ಟ್ರೀಯ ಪರಿಸರ ಸಂಸ್ಥೆ ಮೊದಲೇ ಪ್ರಕಟಿಸುತ್ತದೆ. ಆದ್ದರಿಂದ ದಿನಕ್ಕೊಂದು ಬಡಾವಣೆ ಹಿಡಿದು, ಅಲ್ಲಿ ನೋಡುವ ಜಾಗಗಳನ್ನು ಊಟದ ಹೊತ್ತಿಗೆ ಹೊಂದಿಸಿಕೊಳ್ಳುವುದು ಜಾಣತನ. ಚೈನಾಟೌನ್ ಸುತ್ತುವ ದಿನ ಮ್ಯಾಕ್ಸ್‌ವೆಲ್ ಫುಡ್ ಸೆಂಟರ್ ಹತ್ತಿರ. ಲಿಟಲ್ ಇಂಡಿಯಾದ ದಿನ ಟೆಕ್ಕಾ ಸೆಂಟರ್. ಸಂಜೆಗೆ 1894ರ ಎರಕದ ಕಬ್ಬಿಣದ ಕಟ್ಟಡವಾದ ಲೌ ಪಾ ಸಾಟ್; ಅದರ ಪಕ್ಕದ ಬೀದಿಯಲ್ಲಿ ವಾಹನ ಸಂಚಾರ ತಡೆದು, ಕಡ್ಡಿಗೆ ಚುಚ್ಚಿದ ಮಾಂಸದ ಸಾಟೇಯನ್ನು ಕೆಂಡದ ಮೇಲೆ ಸುಡುತ್ತಾರೆ.

ಬಡಾವಣೆಗಳ ನಡುವೆ ಓಡಾಡಲು ಮೆಟ್ರೊ ಮತ್ತು ಬಸ್ಸಿನಲ್ಲಿ ಟ್ಯಾಪ್ ಮಾಡುವ ಬ್ಯಾಂಕ್ ಕಾರ್ಡೇ ಟಿಕೆಟ್ಟಾಗುತ್ತದೆ. ಆದರೆ ಮೆಟ್ರೊದೊಳಗೆ ಏನನ್ನೂ ತಿನ್ನುವಂತಿಲ್ಲ, ಕುಡಿಯುವಂತಿಲ್ಲ. ತಪ್ಪಿದರೆ 500 ಸಿಂಗಪುರ ಡಾಲರ್‌ವರೆಗೆ ದಂಡ. ಘಾಟು ವಾಸನೆಯ ಡುರಿಯನ್ ಹಣ್ಣನ್ನಂತೂ ಒಳಗೆ ಒಯ್ಯುವುದೇ ನಿಷಿದ್ಧ.

ಕೂರುವುದು, ಕೊಳ್ಳುವುದು, ತಟ್ಟೆ ಇಡುವುದು

ಮೊದಲು ಜಾಗ ಹಿಡಿದು ಆಮೇಲೆ ಸಾಲಿಗೆ ನಿಲ್ಲುವುದು ಅಲ್ಲಿನ ರೂಢಿ. ಖಾಲಿ ಮೇಜಿನ ಮೇಲೆ ಟಿಶ್ಯೂ ಪೊಟ್ಟಣ ಇದ್ದರೆ ಆ ಜಾಗ ಯಾರಿಗೋ ಕಾದಿರಿಸಿದ್ದು ಎಂದರ್ಥ. ಅದಕ್ಕೆ ‘ಚೋಪ್’ ಮಾಡುವುದು ಎನ್ನುತ್ತಾರೆ. ಗುರುತಿಲ್ಲದವರ ಎದುರು ಕೂತು ಉಣ್ಣುವುದರಲ್ಲಿ ಸಂಕೋಚವಿಲ್ಲ. ಆಯಾ ಅಂಗಡಿಯಲ್ಲೇ ಹಣ ಕೊಡಬೇಕು. ಒಂದು ತಟ್ಟೆ ಊಟಕ್ಕೆ ಸಾಮಾನ್ಯವಾಗಿ 4ರಿಂದ 6 ಡಾಲರ್. ಹಲವರು ನಗದನ್ನೇ ಬಯಸುವುದರಿಂದ ಸಣ್ಣ ನೋಟುಗಳು ಜೇಬಿನಲ್ಲಿರಬೇಕು. ಟಿಪ್ಸ್ ಕೊಡುವ ಪದ್ಧತಿಯಿಲ್ಲ. ದೊಡ್ಡ ರೆಸ್ಟೊರಂಟುಗಳಲ್ಲಾದರೆ ಬೆಲೆಯ ಮೇಲೆ ಶೇ 10 ಸೇವಾಶುಲ್ಕ, ಶೇ 9 ತೆರಿಗೆ ಸೇರುವುದುಂಟು. ನಲ್ಲಿನೀರು ಕುಡಿಯಲು ಯೋಗ್ಯ.

ಉಂಡ ಮೇಲೆ ಟ್ರೇಯನ್ನು ನಿಗದಿತ ಕಪಾಟಿಗೆ ಒಯ್ದಿಡಲೇಬೇಕು. 2021ರ ಸೆಪ್ಟೆಂಬರ್ 1ರಿಂದ ಹಾಕರ್ ಸೆಂಟರುಗಳಲ್ಲಿ ಇದು ಕಾನೂನಿನಂತೆ ಜಾರಿಯಲ್ಲಿದೆ. ಮೊದಲ ಸಲ ಎಚ್ಚರಿಕೆ, ಮತ್ತೆ ತಪ್ಪಿದರೆ ದಂಡ. ಹಲಾಲ್ ಊಟದ ಟ್ರೇಗಳಿಗೆ ಬೇರೆ ಕಪಾಟು ಇರುತ್ತದೆ. ಬೋರ್ಡು ನೋಡಿ ಇಟ್ಟರೆ ಇನ್ನೊಬ್ಬರ ಆಚಾರಕ್ಕೆ ಗೌರವ ತೋರಿದಂತೆ.

ಏನು ತಿನ್ನಬಹುದು

ಮಾಂಸಾಹಾರಿಗಳಿಗೆ ಮೊದಲ ರುಚಿಯಾಗಿ ಹೈನಾನಿ ಚಿಕನ್ ರೈಸ್ ಒಳ್ಳೆಯದು: ಕೋಳಿಯ ಸಾರಿನಲ್ಲೇ ಬೇಯಿಸಿದ ಅನ್ನ, ಮೆತ್ತಗಿನ ಮಾಂಸ, ಪಕ್ಕದಲ್ಲಿ ಮೆಣಸಿನಕಾಯಿ-ಶುಂಠಿ ಚಟ್ನಿ. ಖಾರ ಬೇಕೆನ್ನುವವರಿಗೆ ತೆಂಗಿನಹಾಲಿನ ನೂಡಲ್ಸ್ ಸಾರಾದ ಲಕ್ಸಾ ಇದೆ. ತೆಂಗಿನಹಾಲಿನಲ್ಲಿ ಬೆಂದ ಅನ್ನಕ್ಕೆ ಸಂಬಾಲ್ ಚಟ್ನಿ ಹಚ್ಚಿ ತಿನ್ನುವ ನಾಸಿ ಲೆಮಾಕ್ ಮಲಯರ ಬೆಳಗಿನ ತಿಂಡಿ.

ಸಸ್ಯಾಹಾರಿಗಳಿಗೆ ಇಲ್ಲಿ ತಿನಿಸಿಗೆ ಕೊರತೆಯಿಲ್ಲ, ಆದರೆ ಎಚ್ಚರ ಬೇಕು. ಸಂಬಾಲಿನಲ್ಲಿ ಸಾಮಾನ್ಯವಾಗಿ ‘ಬೆಲಚಾನ್’ ಎಂಬ ಸೀಗಡಿ ಪೇಸ್ಟ್ ಇರುತ್ತದೆ. ತರಕಾರಿ ಪಲ್ಯಕ್ಕೂ ಆಯ್‌ಸ್ಟರ್ ಸಾಸ್ ಬೀಳಬಹುದು. ನೂಡಲ್ಸನ್ನು ಹಂದಿ ಕೊಬ್ಬಿನಲ್ಲಿ ಹುರಿದಿರಬಹುದು. ‘ಮಾಂಸ ಬೇಡ’ ಎಂದರೆ ಸಾಲದು. ಮೀನು, ಸೀಗಡಿ, ಮೊಟ್ಟೆ, ಸಾರು ಎಂದು ಒಂದೊಂದನ್ನೇ ಹೆಸರಿಸಿ ಬೇಡವೆನ್ನಬೇಕು. ಇಂಗ್ಲಿಷ್ ಎಲ್ಲೆಡೆ ನಡೆಯುತ್ತದೆ. ಹಲವು ಕೇಂದ್ರಗಳಲ್ಲಿ ಚೀನೀ ಬೌದ್ಧ ಸಸ್ಯಾಹಾರದ ಅಂಗಡಿಯೂ ಇರುತ್ತದೆ. ಅಲ್ಲಿ ಮಾಂಸದಂತೆಯೇ ಕಾಣುವ ತುಂಡುಗಳು ಸೋಯಾ ಅಥವಾ ಗೋಧಿಯಿಂದ ಮಾಡಿದವು. ಸಂಪ್ರದಾಯದಂತೆ ಈರುಳ್ಳಿ, ಬೆಳ್ಳುಳ್ಳಿಯನ್ನೂ ಬಳಸುವುದಿಲ್ಲ. ಹಕ್ಕಾ ಜನರ ‘ಥಂಡರ್ ಟೀ ರೈಸ್’ ಅನ್ನ, ಸೊಪ್ಪು, ತೋಫು, ಕಡಲೆಕಾಯಿಯ ಮೇಲೆ ಎಲೆಗಳನ್ನು ಅರೆದ ಹಸಿರು ಸಾರು ಹುಯ್ದು ಉಣ್ಣುವ ಊಟ; ಒಣಮೀನು ಬೇಡವೆಂದು ಮೊದಲೇ ಹೇಳಬೇಕು.

ಕನ್ನಡಿಗರಿಗೆ ಗುರುತಾಗುವ ತಿನಿಸುಗಳೂ ಇವೆ. ಟೆಕ್ಕಾದ ‘ತೋಸೈ’ ನಮ್ಮ ದೋಸೆಯೇ. ‘ಪುಟು ಮಾಯಂ’ ಎಂದರೆ ಕಾಯಿತುರಿ, ಸಕ್ಕರೆಯೊಂದಿಗೆ ತಿನ್ನುವ ಒತ್ತು ಶ್ಯಾವಿಗೆ. ‘ರೋಟಿ ಪ್ರಾಟಾ’ ಪರೋಟದ ಬಳಗದ್ದು. ಅದರ ಜೊತೆಗಿನ ಸಾರು ಮೀನಿನದೋ ಬೇಳೆಯದೋ ಎಂದು ಕೇಳಿಕೊಳ್ಳಬೇಕು. ಲಿಟಲ್ ಇಂಡಿಯಾದ ಕೋಮಲ ವಿಲಾಸ್ 1947ರಿಂದಲೂ ಸಸ್ಯಾಹಾರ ಬಡಿಸುತ್ತಿದೆ. ಸಿಹಿಗೆ ತೆಂಗಿನಹಾಲು, ತಾಳೆಬೆಲ್ಲದ ಚೆಂಡೋಲ್ ಇದೆ. ಬ್ರೆಡ್ಡಿಗೆ ಸವರುವ ‘ಕಾಯಾ’ದಲ್ಲಿ ಮೊಟ್ಟೆ ಇರುತ್ತದೆ.

ಕಾಫಿ ಕೇಳುವ ಮಾತು

ಅಲ್ಲಿನ ಕಾಫಿಗೆ ‘ಕೋಪಿ’ ಎಂದು ಹೆಸರು. ಬರೀ ‘ಕೋಪಿ’ ಎಂದರೆ ಸಿಹಿಯಾದ ಗಟ್ಟಿ ಹಾಲು ಬೆರೆಸಿದ್ದು. ‘ಕೋಪಿ ಓ’ ಸಕ್ಕರೆ ಹಾಕಿದ ಕಪ್ಪು ಕಾಫಿ. ‘ಕೋಪಿ ಸಿ’ಗೆ ಬೀಳುವುದು ಸಿಹಿಯಿಲ್ಲದ ಗಟ್ಟಿ ಹಾಲು ಮತ್ತು ಸಕ್ಕರೆ. ಜೊತೆಗೆ ‘ಕೊಸೊಂಗ್’ ಸೇರಿಸಿದರೆ ಸಕ್ಕರೆ ಬೇಡ ಎಂದು, ‘ಸಿಯು ದಾಯ್’ ಎಂದರೆ ಸಿಹಿ ಕಡಿಮೆ ಎಂದು, ‘ಪೆಂಗ್’ ಎಂದರೆ ಐಸ್ ಬೇಕು ಎಂದು ಅರ್ಥ. ಚಹಾ ಕುಡಿಯುವವರು ‘ಕೋಪಿ’ ಬದಲು ‘ತೆ’ ಎಂದರಾಯಿತು. ಮಲಯ, ಚೀನೀ ನುಡಿಗಳು ಬೆರೆತ ಈ ನಾಲ್ಕಾರು ಪದಗಳನ್ನು ಕಲಿತಿದ್ದರೆ ನಮ್ಮಂತೆ ಹಾಲು ಹಾಕಿದ, ಸಕ್ಕರೆಯಿಲ್ಲದ ಕಾಫಿಯನ್ನು ‘ಕೋಪಿ ಸಿ ಕೊಸೊಂಗ್’ ಎಂದು ಒಂದೇ ಉಸಿರಿಗೆ ಕೇಳಿ ಪಡೆಯಬಹುದು.