ಕಚ್ಚುವ ಮುನ್ನ ಬಿಗಿಯುವ ದವಡೆ

ಕೋಪ ಬಂದವನು ಹಲ್ಲು ಕಡಿಯುತ್ತಾನೆ. ಹಗೆಯುಳ್ಳವನು ಹಲ್ಲು ಮಸೆಯುತ್ತಾನೆ. ಕಷ್ಟದಲ್ಲಿರುವವನು ಹಲ್ಲು ಕಚ್ಚಿ ಸಹಿಸುತ್ತಾನೆ. ಮನಸ್ಸಿಗೂ ದವಡೆಗೂ ನಂಟುಂಟೆಂಬುದನ್ನು ಕನ್ನಡದ ನುಡಿಗಟ್ಟುಗಳು ಎಂದೋ ಗುರುತಿಸಿವೆ. ಆ ನಂಟಿನ ಹಾದಿಯನ್ನು ತೋರಿಸಿಕೊಟ್ಟದ್ದು ಪ್ರಾಣಿಗಳ ಮಿದುಳಿನ ಅಧ್ಯಯನ.

ದವಡೆಯನ್ನು ಮುಚ್ಚುವ ಸ್ನಾಯುಗಳಿಗೆ ಆಜ್ಞೆ ತಲುಪುವುದು ಐದನೆಯ ಕಪಾಲ ನರದ ಮೂಲಕ. ಅದನ್ನು ನಡೆಸುವ ಜೀವಕೋಶಗಳು ಮಿದುಳಿನ ಕಾಂಡದಲ್ಲಿವೆ. ಭಯ, ಕೋಪಗಳಲ್ಲಿ ಪಾಲುಗೊಳ್ಳುವ ಅಮಿಗ್ಡಲ ಮತ್ತು ಹೈಪೊಥಲಾಮಸ್ ಎಂಬ ಭಾಗಗಳಿಂದ ಹೊರಟ ಸಂದೇಶಗಳು ಈ ಕಾಂಡಕ್ಕೇ ಇಳಿದುಬರುತ್ತವೆ.

1949ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಸ್ವಿಟ್ಸರ್ಲೆಂಡಿನ ವಾಲ್ಟರ್ ಹೆಸ್ ಬೆಕ್ಕಿನ ಹೈಪೊಥಲಾಮಸನ್ನು ಅಲ್ಪ ವಿದ್ಯುತ್ತಿನಿಂದ ಕೆರಳಿಸಿದಾಗ, ಎದುರಿಗೆ ವೈರಿಯಿಲ್ಲದಿದ್ದರೂ ಅದು ರೋಮ ನಿಮಿರಿಸಿ ಬುಸುಗುಟ್ಟಿತು. 1960ರ ದಶಕದಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಜಾನ್ ಫ್ಲಿನ್ ಮತ್ತು ಸಂಗಡಿಗರು ಇನ್ನೊಂದು ಸಂಗತಿಯನ್ನು ಕಂಡರು. ತುಟಿಯನ್ನು ಮುಟ್ಟಿದರೂ ಸುಮ್ಮನಿರುತ್ತಿದ್ದ ಬೆಕ್ಕು, ಹೈಪೊಥಲಾಮಸ್ ಕೆರಳಿದ್ದಾಗ ಅದೇ ಸ್ಪರ್ಶಕ್ಕೆ ಬಾಯಿ ತೆರೆದು ಕಚ್ಚಲು ಮುಂದಾಗುತ್ತಿತ್ತು. ಪ್ರಚೋದನೆ ಹೆಚ್ಚಿದಷ್ಟೂ ಹೀಗೆ ಸ್ಪಂದಿಸುವ ಚರ್ಮದ ವಿಸ್ತಾರವೂ ಹೆಚ್ಚುತ್ತಿತ್ತು. 2017ರಲ್ಲಿ ಇಲಿಗಳ ಮೇಲೆ ನಡೆದ ಅಧ್ಯಯನವು ಅಮಿಗ್ಡಲದಿಂದ ಹೊರಡುವ ಎರಡು ಹಾದಿಗಳನ್ನು ಬೇರ್ಪಡಿಸಿ ತೋರಿಸಿತು: ಒಂದು ಬೇಟೆಯನ್ನು ಬೆನ್ನಟ್ಟಲು, ಇನ್ನೊಂದು ಕತ್ತು ಮತ್ತು ದವಡೆಗಳನ್ನು ಬಿಗಿಗೊಳಿಸಿ ಕಚ್ಚಲು.

ಅಂದರೆ ಸ್ಪರ್ಶವೊಂದೇ ಆದರೂ ಒಳಗಿನ ಸ್ಥಿತಿ ಬೇರೆಯಾದರೆ ಫಲವೂ ಬೇರೆ. ಕೃತ್ಯದ ಜೊತೆಗೆ ಅದರ ಹಿಂದಿನ ಮನಸ್ಸನ್ನೂ ನ್ಯಾಯಾಲಯ ವಿಚಾರಿಸುವಂತೆ, ನಾಯಿ ಕಚ್ಚಿತೆಂದಾಗ ನಾವು ಅದರ ಭಯವನ್ನೂ ವಿಚಾರಿಸಬೇಕು.

ಶಾಲೆಗೆ ನಡೆದು ಹೋಗುವ ಮಕ್ಕಳಿಗೆ ಈ ತಿಳಿವಳಿಕೆ ರಕ್ಷಣೆಯಾದೀತು. ನೆಮ್ಮದಿಯ ನಾಯಿಯ ಬಾಯಿ ಸಡಿಲವಾಗಿ ತೆರೆದಿರುವುದೇ ಹೆಚ್ಚು. ಬಾಯಿ ತಟ್ಟನೆ ಮುಚ್ಚಿ, ಮೈ ಸೆಟೆದು, ನೋಟ ನೆಟ್ಟಿತೆಂದರೆ ಅದು ಎಚ್ಚರಿಕೆ. ಆಗ ಓಡಬಾರದು, ದಿಟ್ಟಿಸಬಾರದು, ಕಲ್ಲೆಸೆಯಲೇಬಾರದು, ಏಕೆಂದರೆ ಕಲ್ಲು ಅದರ ಭಯವನ್ನು ಹೆಚ್ಚಿಸುತ್ತದೆ. ಕೈಗಳನ್ನು ಮೈಗೆ ಸೇರಿಸಿ ಸ್ಥಿರವಾಗಿ ನಿಂತು, ಅದು ಶಾಂತವಾದ ಮೇಲೆ ಮೆಲ್ಲನೆ ಸರಿಯಬೇಕು. ಉಣ್ಣುತ್ತಿರುವ, ಮಲಗಿರುವ, ಮರಿಗಳೊಡನಿರುವ ನಾಯಿಯನ್ನು ಮುಟ್ಟಬಾರದು.

ಇಷ್ಟಾಗಿಯೂ ಕಚ್ಚಿದರೆ, ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಬೇಕು. ಗೀರು ಚಿಕ್ಕದೆಂದು ತಡಮಾಡಬಾರದು; ರೇಬೀಸ್ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ಅತ್ಯಂತ ವಿರಳ. ಬೈಗುಳಕ್ಕೆ ಹೆದರಿ ಮಗು ಗಾಯವನ್ನು ಮುಚ್ಚಿಡದಂತೆ ನೋಡಿಕೊಳ್ಳುವ ಹೊಣೆ ಮನೆಯ ಹಿರಿಯರದು.