ನಿಂತ ಕಾರಿನ ಉಸಿರಾಟ

ಬೀಳಗಿ ತಾಲ್ಲೂಕಿನ ಅನಗವಾಡಿಯ ಬಳಿ ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯು ಘಟಪ್ರಭಾ ನದಿಯನ್ನು ದಾಟುತ್ತದೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಈ ಸೀಮೆಯ ದಾರಿಗಳ ಮೇಲೆ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಸಕ್ಕರೆ ಕಾರ್ಖಾನೆಗಳತ್ತ ಮೆಲ್ಲನೆ ಸಾಗುವಾಗ, ಹಿಂದಿನ ಕಾರುಗಳು ಇಂಜಿನ್ನನ್ನು ಆರಿಸದೆ ಕಾದು ನಿಲ್ಲುವುದುಂಟು. ಅಂತಹ ಪೆಟ್ರೋಲ್ ಕಾರಿನ ಟ್ಯಾಂಕಿನಲ್ಲಿರುವ ಇಂಧನದ ಸುಮಾರು ಐದನೆಯ ಒಂದು ಭಾಗ ಈಗ ಪೆಟ್ರೋಲೇ ಅಲ್ಲ. ಕಬ್ಬು, ಮೆಕ್ಕೆಜೋಳ ಮೊದಲಾದವುಗಳಿಂದ ತೆಗೆದ ಎಥನಾಲ್, ಎಂದರೆ ಮದ್ಯಸಾರ. ಇಂತಹ ಮಿಶ್ರಣವನ್ನು 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಬಿಡುಗಡೆ ಮಾಡಲಾಯಿತು. 2025ರ ಹೊತ್ತಿಗೆ ಅದು ದೇಶದಲ್ಲೆಲ್ಲ ಹರಡಿತು. ಕಾರಿಗೆ ಈ ಬದಲಾವಣೆಯನ್ನು ಯಾರೂ ತಿಳಿಸಲಿಲ್ಲ. ಆದರೂ ಇಂಜಿನ್ನು ಮುಗ್ಗರಿಸದೆ ತಿರುಗುತ್ತಲೇ ಇರುತ್ತದೆ. ಇದು ಹೇಗೆಂಬುದನ್ನು ನೋಡೋಣ.

ಚಾಲಕನು ಆಕ್ಸಲರೇಟರಿನಿಂದ ಕಾಲು ತೆಗೆದಾಗ ಗಾಳಿ ಒಳಹೋಗುವ ದಾರಿಯಲ್ಲಿರುವ ಥ್ರಾಟಲ್ ಎಂಬ ಕವಾಟ ಬಹುಮಟ್ಟಿಗೆ ಮುಚ್ಚಿಕೊಳ್ಳುತ್ತದೆ. ಸಿಲಿಂಡರುಗಳು ಗಾಳಿಯನ್ನು ಸೆಳೆಯುತ್ತಲೇ ಇರುವುದರಿಂದ ಕವಾಟದ ಹಿಂದಿನ ಕೊಳವೆಯಲ್ಲಿ ಒತ್ತಡವು ಹೊರಗಿನ ಒತ್ತಡದ ಮೂರನೆಯ ಒಂದು ಭಾಗದಷ್ಟಕ್ಕೆ ಇಳಿಯುತ್ತದೆ. ಇದೇ ಮೆಕ್ಯಾನಿಕರು ‘ಐಡ್ಲಿಂಗ್’ ಎನ್ನುವ ಸ್ಥಿತಿ. ನಾಲ್ಕು ಸಿಲಿಂಡರುಗಳ 1.2 ಲೀಟರಿನ ಇಂಜಿನ್ನು ನಿಮಿಷಕ್ಕೆ 800 ಸುತ್ತು ತಿರುಗುತ್ತಿದೆಯೆನ್ನೋಣ. ಆಗ ಅದು ಸೆಕೆಂಡಿಗೆ ಸೆಳೆಯುವ ಗಾಳಿ ಸುಮಾರು 2 ಗ್ರಾಂ. ಒಂದು ಗ್ರಾಂ ಪೆಟ್ರೋಲು ಪೂರ್ತಿ ಉರಿಯಲು 14.7 ಗ್ರಾಂ ಗಾಳಿ ಬೇಕು. ಲೆಕ್ಕ ಹಾಕಿದರೆ ಒಂದೊಂದು ಉಸಿರಿಗೆ ಸಲ್ಲುವ ಪೆಟ್ರೋಲು ಕೇವಲ 5 ಮಿಲಿಗ್ರಾಂ! ಅದನ್ನು ಸೆಕೆಂಡಿನ ಸಾವಿರದ ಎರಡು ಮೂರು ಭಾಗಗಳಷ್ಟು ಹೊತ್ತು ಮಾತ್ರ ತೆರೆಯುವ ಇಂಜೆಕ್ಟರ್ ಸಿಂಪಡಿಸಬೇಕು. ಹೆಚ್ಚಾದರೆ ಪೆಟ್ರೋಲು ಅರ್ಧಂಬರ್ಧ ಉರಿದು ವಿಷಕಾರಿ ಕಾರ್ಬನ್ ಮಾನಾಕ್ಸೈಡ್ ಹೊರಬೀಳುತ್ತದೆ. ತೀರ ಕಡಿಮೆಯಾದರೆ ಇಂಜಿನ್ನು ನಡುಗಿ ನಿಂತೇಹೋಗುತ್ತದೆ.

ಹಿಂದಿನ ಅಂಬಾಸಡರ್, ಪದ್ಮಿನಿ ಕಾರುಗಳಲ್ಲಿ ಈ ಕೆಲಸ ಕಾರ್ಬ್ಯುರೇಟರಿನದಾಗಿತ್ತು. ಮೆಕ್ಯಾನಿಕನು ಇಂಜಿನ್ನಿನ ಸದ್ದಿಗೆ ಕಿವಿಗೊಟ್ಟು ಒಂದು ಸ್ಕ್ರೂವನ್ನು ತಿರುಗಿಸಿ ಮಿಶ್ರಣವನ್ನು ಹದಗೊಳಿಸುತ್ತಿದ್ದನು. ಆ ಕಿವಿಯ ಕುಶಲತೆ ಮೆಚ್ಚತಕ್ಕದ್ದೇ. ಆದರೆ ಸ್ಕ್ರೂವಿಗೆ ಹವೆ ತಿಳಿಯದು. ಆಲಮಟ್ಟಿಯ ಹಿನ್ನೀರಿನ ಈ ಸೀಮೆ ಸಮುದ್ರಮಟ್ಟದಿಂದ ಸುಮಾರು 520 ಮೀಟರ್ ಎತ್ತರದಲ್ಲಿದೆ. ಕಾರವಾರದ ಕಡಲ ತಡಿಯ 25 ಡಿಗ್ರಿಯ ಗಾಳಿಗಿಂತ ಅನಗವಾಡಿಯ ಬೇಸಗೆಯ 40 ಡಿಗ್ರಿಯ ಗಾಳಿ ಸುಮಾರು ಶೇಕಡಾ 10ರಷ್ಟು ತೆಳುವಾದುದು. ಅಲ್ಲಿ ಹದಗೊಳಿಸಿದ ಸ್ಕ್ರೂ ಇಲ್ಲಿಗೆ ಹೊಂದಲಾರದು.

ಈಗಿನ ಕಾರಿನಲ್ಲಿ ಸಂವೇದಕಗಳುಂಟು. ಒಂದು ಕೊಳವೆಯೊಳಗಿನ ಒತ್ತಡವನ್ನೂ, ಇನ್ನೊಂದು ಗಾಳಿಯ ಉಷ್ಣತೆಯನ್ನೂ, ಮತ್ತೊಂದು ಇಂಜಿನ್ನಿನ ವೇಗವನ್ನೂ ಅಳೆಯುತ್ತವೆ. ಸಿಲಿಂಡರಿನ ಗಾತ್ರ ಮೊದಲೇ ಗೊತ್ತು. ಒತ್ತಡವನ್ನು ಗಾತ್ರದಿಂದ ಗುಣಿಸಿ ನಿರಪೇಕ್ಷ ಉಷ್ಣತೆಯಿಂದ ಭಾಗಿಸಿದರೆ ಗಾಳಿಯ ರಾಶಿಗೆ ಅನುಪಾತದಲ್ಲಿರುವ ಸಂಖ್ಯೆ ಸಿಕ್ಕುತ್ತದೆಯೆಂಬುದನ್ನು ವಿದ್ಯಾರ್ಥಿಗಳು ತರಗತಿಯಲ್ಲಿ ಕಲಿತಿದ್ದಾರೆ. ಪರೀಕ್ಷೆಗೆಂದು ಬಾಯಿಪಾಠ ಮಾಡುವ ಆ ಅನಿಲ ನಿಯಮವನ್ನೇ ಕಾರಿನ ಪುಟ್ಟ ಗಣಕವು ಸೆಕೆಂಡಿಗೆ ಹಲವು ಬಾರಿ ಪ್ರಯೋಗಿಸುತ್ತದೆ.

ಇಷ್ಟಾದರೂ ಎಥನಾಲಿನ ಪ್ರಶ್ನೆ ಹಾಗೆಯೇ ಉಳಿಯಿತು. ಎಥನಾಲಿನ ಅಣುವಿನಲ್ಲಿ ಆಮ್ಲಜನಕ ಮೊದಲೇ ಇರುವುದರಿಂದ ಅದಕ್ಕೆ ಹೊರಗಿನ ಗಾಳಿ ಕಡಿಮೆ ಸಾಕು: ಗ್ರಾಮಿಗೆ 9 ಗ್ರಾಂ ಮಾತ್ರ. ಶೇಕಡಾ 20 ಎಥನಾಲ್ ಬೆರೆತಾಗ ಈ ಸಂಖ್ಯೆ 14.7ರಿಂದ ಸುಮಾರು 13.5ಕ್ಕೆ ಇಳಿಯುತ್ತದೆ. ಎಂದರೆ ಅಷ್ಟೇ ಗಾಳಿಗೆ ತೂಕದಲ್ಲಿ ಸುಮಾರು ಶೇಕಡಾ 9ರಷ್ಟು ಹೆಚ್ಚು ಇಂಧನ ಬೇಕು. ಗಾಳಿಯನ್ನು ಎಷ್ಟು ನಿಖರವಾಗಿ ಅಳೆದರೂ ಈ ಸಂಗತಿ ತಿಳಿಯದು.

ಇದನ್ನು ತಿಳಿಸುವುದು ಹೊಗೆಕೊಳವೆಯಲ್ಲಿರುವ ಆಮ್ಲಜನಕ ಸಂವೇದಕ. ಜರ್ಮನಿಯ ಬಾಷ್ ಸಂಸ್ಥೆ ರೂಪಿಸಿದ ಇದು 1976ರಲ್ಲಿ ವೋಲ್ವೊ ಕಾರುಗಳಲ್ಲಿ ಮೊದಲು ಬಳಕೆಗೆ ಬಂದಿತು. ಅದರ ತಿರುಳು ಜಿರ್ಕೋನಿಯಂ ಡೈಆಕ್ಸೈಡ್ ಎಂಬ ಪಿಂಗಾಣಿಯಂತಹ ವಸ್ತು. ಸುಮಾರು 300 ಡಿಗ್ರಿಗಿಂತ ಹೆಚ್ಚು ಕಾದಾಗ ಅದರೊಳಗೆ ಆಮ್ಲಜನಕದ ಅಯಾನುಗಳು ಚಲಿಸಬಲ್ಲವು. ಒಂದು ಮೈಗೆ ಹೊರಗಿನ ಗಾಳಿ, ಇನ್ನೊಂದಕ್ಕೆ ಹೊಗೆ. ಎರಡರಲ್ಲಿನ ಆಮ್ಲಜನಕದ ವ್ಯತ್ಯಾಸದಿಂದ ವಿದ್ಯುತ್ತಿನ ಒತ್ತಡ ಹುಟ್ಟುತ್ತದೆ. ಇಂಧನ ಹೆಚ್ಚಾಗಿ ಹೊಗೆಯಲ್ಲಿ ಆಮ್ಲಜನಕ ಉಳಿಯದಿದ್ದರೆ ಸುಮಾರು 0.9 ವೋಲ್ಟ್, ಮಿಕ್ಕಿದ್ದರೆ 0.1 ವೋಲ್ಟ್. ಇಂಧನ ಯಾವುದೆಂದು ಈ ಸಂವೇದಕ ಕೇಳುವುದೇ ಇಲ್ಲ. ಉರಿದ ಮೇಲೆ ಆಮ್ಲಜನಕ ಉಳಿಯಿತೋ ಇಲ್ಲವೋ ಎಂದಷ್ಟೇ ಹೇಳುತ್ತದೆ. ಅದರ ಸೊಗಸೆಲ್ಲ ಇರುವುದು ಇಲ್ಲಿಯೇ. ‘ಉಳಿಯಿತು’ ಎಂದಾಗ ಗಣಕವು ಇಂಜೆಕ್ಟರನ್ನು ತುಸು ಹೆಚ್ಚು ಹೊತ್ತು ತೆರೆಯುತ್ತದೆ; ‘ಇಲ್ಲ’ ಎಂದಾಗ ತುಸು ಕಡಿಮೆ. ಹೀಗೆ ಅತ್ತಿತ್ತ ತೂಗುತ್ತ ಮಿಶ್ರಣವು ಹದದ ಸುತ್ತಲೇ ನಿಲ್ಲುತ್ತದೆ. ಒಂದೇ ಬಗೆಯ ತಿದ್ದುಪಡಿ ಬಹುಕಾಲ ಬೇಕಾದರೆ ಗಣಕವು ಅದನ್ನು ನೆನಪಿನಲ್ಲಿಟ್ಟುಕೊಳ್ಳುತ್ತದೆ.

ವೇಗವನ್ನು ಕಾಯುವುದೂ ಇಂತಹುದೇ ಕೆಲಸ. ಜೇಮ್ಸ್ ವಾಟನು 1788ರಲ್ಲಿ ಉಗಿಯಂತ್ರಕ್ಕೆ ಅಳವಡಿಸಿದ ತಿರುಗುಗುಂಡುಗಳ ನಿಯಂತ್ರಕದ ಮೊಮ್ಮಗನೆಂದು ಇದನ್ನು ಕರೆಯಬಹುದು. ಎ.ಸಿ. ಹಾಕಿದೊಡನೆ ಇಂಜಿನ್ನಿನ ಮೇಲೆ ಹೊರೆ ಬೀಳುತ್ತದೆ. ಗಣಕವು ಥ್ರಾಟಲನ್ನು ಕೂದಲೆಳೆಯಷ್ಟು ತೆರೆಸುತ್ತದೆ. ಗಾಳಿ ಬಂದು ತಲಪುವಷ್ಟರಲ್ಲಿ ವೇಗ ಕುಸಿಯದಂತೆ ಕಿಡಿಯ ಹೊತ್ತನ್ನು ತುಸು ಮುಂದಕ್ಕೆ ತರುತ್ತದೆ.

ಗಾಳಿಕೊಳವೆ ಎಲ್ಲಿಯಾದರೂ ಸೀಳಿದರೆ ಅದು ಮೊದಲು ತೋರುವುದೂ ನಿಂತಾಗಲೇ. ಹೆದ್ದಾರಿಯಲ್ಲಿ ಸೆಕೆಂಡಿಗೆ ಹತ್ತಾರು ಗ್ರಾಂ ಗಾಳಿ ಹರಿಯುವಾಗ ಅರ್ಧ ಗ್ರಾಮಿನ ಕಳ್ಳಗಾಳಿ ಲೆಕ್ಕಕ್ಕಿಲ್ಲ; 2 ಗ್ರಾಮಿನಲ್ಲಿ ಅದು ಕಾಲು ಭಾಗ! ಒತ್ತಡವನ್ನು ಅಳೆಯುವ ಕಾರಿನಲ್ಲಿ ಆ ಗಾಳಿಯೂ ಲೆಕ್ಕಕ್ಕೆ ಸೇರಿ, ಅದಕ್ಕೆ ತಕ್ಕ ಇಂಧನವೂ ಬಿದ್ದು, ಇಂಜಿನ್ನು ಅನಾವಶ್ಯಕವಾಗಿ ವೇಗಗೊಳ್ಳುತ್ತದೆ. ಕಾದ ತಂತಿಯಿಂದ ಗಾಳಿಯ ಹರಿವನ್ನೇ ಅಳೆಯುವ ಕಾರಿನಲ್ಲಿ ಅದು ಲೆಕ್ಕ ತಪ್ಪಿಸಿ ನುಸುಳುವುದರಿಂದ ಮಿಶ್ರಣ ತೆಳುವಾಗಿ ಇಂಜಿನ್ನು ನಡುಗುತ್ತದೆ.

ಆಮ್ಲಜನಕ ಸಂವೇದಕದಿಂದ ಆಗದ ಕೆಲಸಗಳೂ ಉಂಟು. ಕಿಲೋಗ್ರಾಂ ಪೆಟ್ರೋಲಿನಲ್ಲಿ ಸುಮಾರು 43 ಮೆಗಾಜೂಲ್ ಶಾಖವಿದ್ದರೆ ಎಥನಾಲಿನಲ್ಲಿ ಸುಮಾರು 27 ಮಾತ್ರ. ಹದವನ್ನು ಸರಿಪಡಿಸಬಹುದಲ್ಲದೆ ಇಲ್ಲದ ಶಾಖವನ್ನು ತರಲಾಗದು. ಆದ್ದರಿಂದ ಲೀಟರಿಗೆ ಓಡುವ ದೂರ ತುಸು ಕುಗ್ಗುತ್ತದೆ. ಹಳೆಯ ಕಾರಿನ ರಬ್ಬರು ಕೊಳವೆಗಳನ್ನು ಎಥನಾಲಿನಿಂದ ರಕ್ಷಿಸುವುದೂ ಅದರ ಕೈಲಾಗದು. ಇನ್ನು ಚಳಿಗಾಲದ ಮುಂಜಾನೆ ಕಾರನ್ನು ಚಾಲೂ ಮಾಡಿದ ಮೊದಲ ಕ್ಷಣಗಳಲ್ಲಿ ಸಂವೇದಕವು ಕಾದಿರದೆ ಮೂಕವಾಗಿರುತ್ತದೆ. ಆಗ ಗಣಕವು ಹಿಂದಿನ ದಿನ ನೆನಪಿಟ್ಟ ತಿದ್ದುಪಡಿಯನ್ನೇ ನಂಬಿ, ಇಂಧನವನ್ನು ತುಸು ಧಾರಾಳವಾಗಿ ಸುರಿದು, ವೇಗವನ್ನು 1,000 ಸುತ್ತುಗಳಿಗೂ ಮೇಲೆ ಏರಿಸಿರುತ್ತದೆ. ಸಂವೇದಕದೊಳಗಿನ ಕಾಯಿಸುವ ತಂತಿ ತನ್ನ ಕೆಲಸ ಮುಗಿಸಿ, ಇಂಜಿನ್ನು ಬಿಸಿಯೇರಿದ ಮೇಲೆ, ಸದ್ದು ತಾನಾಗಿ ತಗ್ಗುವುದನ್ನು ಕೇಳಬಹುದು.